ಭೀಮೆಯ ದಂಡೆಯ ಫಿರೋಜಾಬಾದ್

ಜೇವರ್ಗಿಯಿಂದ ಕಲಬುರಗಿಗೆ ಹೋಗುವ ಬಸ್ಸು ಕಟ್ಟಿ ಸಂಗಾವಿಯ ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ಫಿರೋಜಾಬಾದ್. ಇತಿಹಾಸ ಪಾಠ ಹೇಳುವ ನಾನು ನಮ್ಮ ಶಾಲೆಯ ಮಕ್ಕಳನ್ನು ಮೊದಲು ಇಳಿಸುವುದು ಇಲ್ಲೇ. ಹಂಪಿ, ವಿಜಯಪುರ ಆಮೇಲೆ ನೋಡಲಿ; ಹೊಳೆಯಾಚೆಗಿನ ಅರಮನೆ ಊರನ್ನು ಕಾಣದೆ ಯಾರೂ ಹತ್ತನೇ ಇಯತ್ತೆ ದಾಟಬಾರದು ಎಂಬುದು ನನ್ನ ಹಟ.

ಬಹಮನಿ ಸುಲ್ತಾನ ಫಿರೋಜ್ ಶಾಹ 1397ರಿಂದ 1422ರವರೆಗೆ ಆಳಿದ. ಕಲಬುರಗಿ ರಾಜಧಾನಿಯಾಗಿದ್ದಾಗಲೇ 1400ರ ಸುಮಾರಿಗೆ ಭೀಮೆಯ ತಿರುವಿನಲ್ಲಿ ಈ ನಗರ ಕಟ್ಟಿಸಿದ. ವಿಜಯನಗರದ ಕಡೆಗೆ ದಂಡು ಹೊರಡಿಸಲೂ ಅನುಕೂಲದ ಜಾಗ. ಅವನ ನಂತರ ತಮ್ಮ ಅಹ್ಮದ್ ಶಾಹ ರಾಜಧಾನಿಯನ್ನೇ ಬೀದರಿಗೆ ಒಯ್ದ. ಫಿರೋಜಾಬಾದ್ ಇದ್ದಂತೆಯೇ ಉಳಿಯಿತು. ಹಾಗಾಗಿಯೇ ಅದಕ್ಕೆ ಅಷ್ಟು ಬೆಲೆ. ಬೇರೆ ಕಡೆ ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಕೆಡವಿ ಮತ್ತೆ ಕಟ್ಟಿರುತ್ತಾನೆ. ಇಲ್ಲಿ ಒಬ್ಬನೇ ಅರಸನ ಕಾಲದ ಕಲ್ಲುಗಳು ನಿಂತಿವೆ.

ಮೂರು ದಿಕ್ಕಿಗೆ ದಪ್ಪ ಗೋಡೆ, ಪಶ್ಚಿಮಕ್ಕೆ ಹೊಳೆ. ಕಮಾನಿನ ಬಾಗಿಲು ಹೊಕ್ಕರೆ ಹೊಲ ಸಿಗುತ್ತವೆ, ಹೊಲಗಳ ನಡುವೆ ಗುಮ್ಮಟ. ಜಾಮಿ ಮಸೀದಿಯ ಅಂಗಳ ಎಷ್ಟು ವಿಶಾಲವೆಂದರೆ ಮಕ್ಕಳು ಒಳಗೆ ಕಾಲಿಟ್ಟದ್ದೇ ತಡ, ಓಡತೊಡಗುತ್ತಾರೆ. ಅದರ ಹಿಂದೆ, ಹೊಳೆಯ ಕಡೆಗೆ, ಅರಮನೆಯ ಗೋಡೆಗಳು. ನಾನು ಹೆಚ್ಚು ಹೊತ್ತು ನಿಲ್ಲುವುದು ಹಮಾಮುಗಳ ಹತ್ತಿರ. ದಖ್ಖನಿನಲ್ಲಿ ಉಳಿದಿರುವ ಸ್ನಾನಗೃಹಗಳಲ್ಲಿ ಇವು ಅತ್ಯಂತ ಹಳೆಯವು ಎನ್ನುತ್ತಾರೆ. ಗುಮ್ಮಟಗಳನ್ನು, ನಾಲ್ಕೂ ಕಡೆಯಿಂದ ಮೇಲೇರಿ ಕೂಡುವ ಚೂಪು ಛಾವಣಿಗಳನ್ನು ನೋಡಿದರೆ, ಭೀಮೆಯ ದಂಡೆಗೆ ಇರಾನ್ ಮತ್ತು ಮಧ್ಯ ಏಷ್ಯಾದ ಕುಶಲಿಗರ ಕೈ ಹೇಗೆ ಬಂತು ಎಂದು ಮಕ್ಕಳಿಗೆ ಹೇಳುವುದು ಸುಲಭ. ವಿದ್ವಾಂಸರಾದ ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಈ ಒಂದು ಊರಿನ ಮೇಲೆಯೇ 1992ರಲ್ಲಿ ಪುಸ್ತಕ ತಂದರು.

ಅವರಿಗೂ ಮುಂಚೆ ಇತ್ತ ಕಣ್ಣು ಹಾಯಿಸಿದವನು ಮೆಡೋಸ್ ಟೇಲರ್. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿ, ಸುರಪುರ ಸಂಸ್ಥಾನದ ಆಡಳಿತ ನೋಡಿದವನು. ನಮ್ಮ ಜೇವರ್ಗಿಯ ಬಳಿಯ ಕಲ್ಲುವೃತ್ತದ ಸಮಾಧಿಗಳನ್ನು ಅಗೆಸಿ, ಅಲ್ಲಿ ಸಿಕ್ಕ ಎಲುಬು, ಮಡಕೆಗಳ ಬಗ್ಗೆ ಲೇಖನ ಬರೆದ. ಅವು ಬ್ರಿಟನ್, ಐರ್ಲೆಂಡಿನ ಪುರಾತನ ಸಮಾಧಿಗಳನ್ನೇ ಹೋಲುತ್ತವೆ ಎಂದು ಬೆರಗಾದ. ಲೇಖನದ ಶೀರ್ಷಿಕೆಯಲ್ಲಿ ಜೇವರ್ಗಿಯ ಗುರುತು ಹೇಳಲು ಅವನು ಬಳಸಿದ್ದು ಫಿರೋಜಾಬಾದಿನ ಹೆಸರನ್ನು.

ಟೇಲರನ ದೇಶದಲ್ಲಿ ಲೇಕಾಕ್ ಎಂಬ ಹಳ್ಳಿಯಿದೆ. ಅದರ ಒಡತಿ ಮಟಿಲ್ಡಾ ಟಾಲ್ಬಟ್ 1944ರಲ್ಲಿ ಅದನ್ನು ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಅಲ್ಲಿನ ಹಳೆಯ ಮನೆಗಳಲ್ಲಿ ಇಂದಿಗೂ ಜನ ಬಾಡಿಗೆಗೆ ಇದ್ದಾರೆ. ನೋಡಲು ಬಂದವರು ಅವರ ಬೀದಿಯಲ್ಲೇ ತಿರುಗಾಡುತ್ತಾರೆ. ಫಿರೋಜಾಬಾದಿಗೂ ನಾನು ಬಯಸುವುದು ಅದನ್ನೇ. ಗೋಡೆ ಉಳಿಯಬೇಕು, ಗುಮ್ಮಟದ ಮೇಲಿನ ಗಿಡ ತೆಗೆಯಬೇಕು. ಆದರೆ ಉಳುವವರನ್ನು ಎಬ್ಬಿಸಬಾರದು. ಗುಮ್ಮಟಗಳ ದಾರಿ ತೋರಿಸುವವರು ಅವರೇ. "ಬದುವಿನ ಮ್ಯಾಲ ನಡೀರಿ ಸರ, ತೊಗರಿ ತುಳೀಬ್ಯಾಡ್ರಿ" ಎಂದು ಎಚ್ಚರಿಸುವವರೂ ಅವರೇ.

ಬರುವುದಾದರೆ ಚಳಿಗಾಲದಲ್ಲಿ, ಬೆಳಿಗ್ಗೆಯೇ ಬನ್ನಿ. ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಳ್ಳಿ, ನೀರು ಹೆಚ್ಚಿಗೆ ಇರಲಿ. ಇಲ್ಲಿನ ಸಂತ ಖಲೀಫತ್ ಉರ್ ರಹಮಾನರ ದರ್ಗಾಕ್ಕೂ ಹೋಗಿ ಬನ್ನಿ. ಅಲ್ಲಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ.