ಇಪ್ಪತ್ತೈದು ನಿಮಿಷದ ಟೊಮೆಟೊ

25 ನಿಮಿಷ ಒಂದೇ ಕೆಲಸ, 5 ನಿಮಿಷ ಬಿಡುವು. ಇಂಥ ನಾಲ್ಕು ಸುತ್ತು ಮುಗಿದರೆ 15ರಿಂದ 30 ನಿಮಿಷದ ದೊಡ್ಡ ವಿರಾಮ. ಸಾಫ್ಟ್‌ವೇರ್ ತಂಡಗಳು ‘ಪೊಮೊಡೊರೊ’ ಎನ್ನುವ ಪದ್ಧತಿ ಇಷ್ಟೇ. ಆದರೆ ಅದು ಹುಟ್ಟಿದ್ದು ಕಂಪನಿಯಲ್ಲಲ್ಲ, ಪರೀಕ್ಷೆಗೆ ಓದಲು ಕೂತ ಹುಡುಗನೊಬ್ಬನ ಮೇಜಿನ ಮೇಲೆ.

1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊಗೆ ಪುಸ್ತಕದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಹತ್ತು ನಿಮಿಷವಾದರೂ ಸರಿಯಾಗಿ ಓದಬಲ್ಲೆನೇ ಎಂದು ತನ್ನೊಂದಿಗೇ ಪಂಥ ಕಟ್ಟಿದ. ಕಾಲ ಅಳೆಯಲು ಸಿಕ್ಕಿದ್ದು ಅಡುಗೆಮನೆಯ ಕೀಲಿ ಟೈಮರ್. ಅದು ಟೊಮೆಟೊ ಆಕಾರದ್ದು. ಇಟಾಲಿಯನ್‌ನಲ್ಲಿ ಟೊಮೆಟೊ ಎಂದರೆ ಪೊಮೊಡೊರೊ; ಹೆಸರೂ ಅಲ್ಲಿಂದಲೇ ಬಂತು. ಮೊದಲ ಸಲಕ್ಕೇ ಪಂಥ ಗೆಲ್ಲಲಿಲ್ಲ. ಅವಧಿಯನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದ ಮೇಲೆ ಬಿಡುವೂ ಸೇರಿ ಅರ್ಧ ಗಂಟೆ ಎಂಬ ಲೆಕ್ಕ ನಿಂತಿತು.

ನಮ್ಮ ಹಳೆಯ ಗಳಿಗೆಯೂ ಈ 25 ನಿಮಿಷಕ್ಕೆ ಹತ್ತಿರದ್ದೇ, 24 ನಿಮಿಷದ್ದು. ತಳದಲ್ಲಿ ತೂತಿರುವ ತಾಮ್ರದ ಬಟ್ಟಲು ನೀರಿನಲ್ಲಿ ಹಗಲಿರುಳು ಸೇರಿ 60 ಸಲ ಮುಳುಗಬೇಕೆಂದು ‘ಸೂರ್ಯಸಿದ್ಧಾಂತ’ ಹೇಳುತ್ತದೆ. ಅಷ್ಟಕ್ಕೇ ಎರಡಕ್ಕೂ ನಂಟು ಕಟ್ಟುವುದು ಸಲ್ಲ. ಬಟ್ಟಲು ಮುಹೂರ್ತ ತಿಳಿಸುತ್ತಿತ್ತು; ಟೈಮರ್ ಕೆಲಸಕ್ಕೆ ಬೇಲಿ ಹಾಕುತ್ತದೆ.

ಆ ಬೇಲಿಯ ನಿಯಮ ಬಿಗಿ. ಒಂದು ಸುತ್ತನ್ನು ಅರ್ಧಕ್ಕೆ ತುಂಡು ಮಾಡುವಂತಿಲ್ಲ. ನಡುವೆ ಎದ್ದರೆ ಅದು ಲೆಕ್ಕಕ್ಕಿಲ್ಲ. ಮುಗಿದ ಸುತ್ತಿಗೆ ಹಾಳೆಯಲ್ಲೊಂದು ಗುಣಾಕಾರದ ಗುರುತು. ಚಹಾದ ನೆನಪೋ ಫೋನ್ ನೋಡುವ ಆಸೆಯೋ ತಲೆಯೊಳಗಿಂದ ಎದ್ದರೆ ಒಂದು ಗುರುತು, ಪಕ್ಕದವರು ಬಂದು ಕೇಳಿದರೆ ಇನ್ನೊಂದು. ಬಂದವರಿಗೆ ‘ಈಗ ಕೆಲಸದಲ್ಲಿದ್ದೇನೆ, ಇಷ್ಟು ಹೊತ್ತಿಗೆ ನಾನೇ ಬರುತ್ತೇನೆ’ ಎಂದು ಹೇಳಿ, ಹೇಳಿದಂತೆ ಹೋಗಬೇಕು. ಟೈಮರ್‌ಗಿಂತ ಈ ಮಾತೇ ಮುಖ್ಯ. ತಂಡಕ್ಕೆ ಪದ್ಧತಿ ಒಗ್ಗಿದ್ದೂ ಇದರಿಂದಲೇ.

ಪದ್ಧತಿ ತಂಡಗಳನ್ನು ತಲುಪಲು ದಾರಿ ಮಾಡಿದ್ದು ಸಾಫ್ಟ್‌ವೇರ್ ಬರೆಯುವ ಒಂದು ಕ್ರಮವಾದ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್. ಪ್ರೋಗ್ರಾಮರ್ ಕೆಂಟ್ ಬೆಕ್ 1999ರಲ್ಲಿ ಅದರ ಪುಸ್ತಕ ತಂದರು. ಒಂದೇ ಕಂಪ್ಯೂಟರ್ ಮುಂದೆ ಇಬ್ಬರು ಕೂತು ಕೋಡ್ ಬರೆಯುವುದು ಅದರ ಪದ್ಧತಿಗಳಲ್ಲೊಂದು. ಟೈಮರ್ ಗಂಟೆ ಹೊಡೆದರೆ ಕೀಬೋರ್ಡ್ ಕೈ ಬದಲಾಯಿಸಲು ನೆಪ ಸಿಗುತ್ತದೆ. 2001ರ ಅಜೈಲ್ ಸಾಫ್ಟ್‌ವೇರ್ ಪ್ರಣಾಳಿಕೆಯ ನಂತರ ಎರಡು ವಾರದ ‘ಸ್ಪ್ರಿಂಟ್’ ಎಂಬ ಕೆಲಸದ ಕಂತು, 15 ನಿಮಿಷದ ನಿತ್ಯದ ಸ್ಟ್ಯಾಂಡ್‌ಅಪ್ ಸಭೆ ಬೆಂಗಳೂರಿನ ಕಂಪನಿಗಳಲ್ಲೂ ರೂಢಿಯಾದವು. ಕಾಲಕ್ಕೆ ಮಿತಿ ಹಾಕುವುದು ಹೀಗೆ ಎಲ್ಲರಿಗೂ ಅಭ್ಯಾಸವಾಯಿತು. ಬಗ್ ಬೆನ್ನು ಹತ್ತಿದವರಿಗೆ ಮಾತ್ರ ಗಂಟೆಯೇ ಅಡ್ಡಿ. ಎಳೆ ಸಿಕ್ಕ ಹೊತ್ತಿಗೆ ಎದ್ದೇಳು ಎಂದರೆ ಯಾರೂ ಏಳುವುದಿಲ್ಲ. ಈ ಆಕ್ಷೇಪ ನ್ಯಾಯವಾದದ್ದೇ.

2020ರ ಮಾರ್ಚ್‌ನ ಲಾಕ್‌ಡೌನ್ ಬೆಂಗಳೂರಿನ ಎಂಜಿನಿಯರುಗಳನ್ನು ಊರಿಗೆ ಕಳಿಸಿತು. ಶಿವಮೊಗ್ಗ–ತೀರ್ಥಹಳ್ಳಿ ಹೆದ್ದಾರಿಯಲ್ಲಿ ತುಂಗೆಯ ದಡದ ಮಂಡಗದ್ದೆ, ಅತ್ತ ಹೊಸನಗರ, ಸಾಗರದ ಸೀಮೆಯಲ್ಲಿ ಮಳೆಗಾಲವೆಂದರೆ ತಂತಿಯ ಮೇಲೆ ಮರ, ಕರೆಂಟಿಲ್ಲದ ರಾತ್ರಿ, ಗುಡ್ಡ ಹತ್ತಿದರೆ ಸಿಗ್ನಲ್. ಇಂಥ ಕಡೆ ಸುತ್ತಿನ ಉದ್ದವನ್ನು ಇನ್ವರ್ಟರಿನ ಬ್ಯಾಟರಿಯೇ ನಿರ್ಧರಿಸುತ್ತದೆ. ಕೊಯ್ಲಿನ ಕಾಲಕ್ಕೆ ಅಂಗಳದಲ್ಲಿ ಅಡಿಕೆ ಹರಡಿರುತ್ತದೆ. ಮೋಡ ಕಟ್ಟಿತೆಂದು ಕರೆದ ಅಪ್ಪಯ್ಯನಿಗೆ ‘ಐದು ನಿಮಿಷ ತಡಿ’ ಎನ್ನುವಂತಿಲ್ಲ. ಆ ಸುತ್ತು ಹಾಳೆಯಲ್ಲಿ ರದ್ದಾಗುತ್ತದೆ, ಅಷ್ಟೇ.

ಮನೆಯಿಂದಲೇ ಕೆಲಸ ಶುರುವಾದ ಮೇಲೆ ಮೇಜಿನ ಮೇಲಿನ ಟೊಮೆಟೊ ಸಹೋದ್ಯೋಗಿಗಳಿಗೆ ಕಾಣುವುದಿಲ್ಲ. ಅದರ ಜಾಗಕ್ಕೆ ಚಾಟ್‌ನಲ್ಲಿ ಹೆಸರಿನ ಪಕ್ಕದ ಸ್ಟೇಟಸ್ ಬಂದಿದೆ. 2021ರಲ್ಲಿ ಗೂಗಲ್ ಕ್ಯಾಲೆಂಡರ್ ‘ಫೋಕಸ್ ಟೈಮ್’ ಸೇರಿಸಿತು. ಆ ಹೊತ್ತಿನ ಮೀಟಿಂಗ್‌ಗಳನ್ನು ಅದು ತಾನಾಗಿ ನಿರಾಕರಿಸಬಲ್ಲದು. ಅಲ್ಲಿ ಕಾಯ್ದಿಡುವುದು 25 ನಿಮಿಷವನ್ನಲ್ಲ, ಸಾಮಾನ್ಯವಾಗಿ ಒಂದೆರಡು ಗಂಟೆಯನ್ನು. ಅದರೊಳಗೆ ಟೈಮರ್ ಇಟ್ಟುಕೊಳ್ಳುವುದು ಬಿಡುವುದು ಅವರವರಿಗೆ ಬಿಟ್ಟದ್ದು.