ಮಗು ಬಿದ್ದಾಗ ಮೊದಲು ಮಗುವನ್ನು ನೋಡಿ, ಬೈಯುವುದು ಬೇಡ



ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಎದ್ದು ನಿಂತು ಕೆಚ್ಚಲು ಹುಡುಕುತ್ತದೆ. ಮನುಷ್ಯರ ಮಗು ನಡೆಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಬೀಳದೆ ಓಡಲು, ಮೆಟ್ಟಿಲು ಹತ್ತಿ ಇಳಿಯಲು ಇನ್ನೂ ಒಂದೆರಡು ವರ್ಷ ಬೇಕು. ಹುಟ್ಟಿದ ಮಗುವಿನ ತಲೆ ಅದರ ಉದ್ದದ ಕಾಲು ಭಾಗದಷ್ಟಿರುತ್ತದೆ, ದೊಡ್ಡವರಲ್ಲಿ ಎಂಟನೇ ಒಂದು ಭಾಗ. ತಲೆಭಾರ ಹೆಚ್ಚಿರುವುದರಿಂದಲೇ ಪುಟ್ಟ ಮಕ್ಕಳು ಬಿದ್ದಾಗ ಹೆಚ್ಚಾಗಿ ತಲೆಗೇ ಪೆಟ್ಟಾಗುತ್ತದೆ.

ಹಸುವಿನ ವಿಷಯ ಬರೆಯುವ ಪುಟದಲ್ಲಿ ಇದೇಕೆ ಎಂದು ನೀವು ಕೇಳಬಹುದು. ಬೆಳಿಗ್ಗೆ ಮತ್ತು ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ನಾನು ನಿಮ್ಮ ಕೊಟ್ಟಿಗೆಗಳಲ್ಲಿರುತ್ತೇನೆ. ಆಗ ತಾಯಿಯ ಎರಡೂ ಕೈ ಕೆಚ್ಚಲಿನ ಮೇಲಿರುತ್ತವೆ, ತಂದೆ ಮೇವು ಕತ್ತರಿಸುತ್ತಿರುತ್ತಾರೆ, ಮಗು ಎದ್ದು ಅಮ್ಮನನ್ನು ಹುಡುಕಿಕೊಂಡು ಜಗಲಿಗೆ ಬರುತ್ತದೆ. ನಾನು ಮಕ್ಕಳ ವೈದ್ಯನಲ್ಲ. ಆದರೆ ಮಾತು ಬಾರದ ರೋಗಿಗಳನ್ನು ನೋಡುವುದೇ ನನ್ನ ವೃತ್ತಿ. ಒಂದೂವರೆ ವರ್ಷದ ಮಗುವೂ ಎಲ್ಲಿ ನೋವು, ಎಷ್ಟು ನೋವು ಎಂದು ಹೇಳಲಾರದು. ಅದರ ಪರವಾಗಿ ಮನೆಯವರೇ ಹೇಳಬೇಕು.

ಬೈಗುಳದಲ್ಲಿ ಕಳೆದ ಹೊತ್ತು

ಒಂದು ಮನೆಗೆ ಕೆಚ್ಚಲು ಬಾವಿನ ಹಸು ನೋಡಲು ಹೋಗಿದ್ದೆ. ನಾವೆಲ್ಲ ಕೊಟ್ಟಿಗೆಯಲ್ಲಿದ್ದಾಗ ಜಗಲಿ ಕಡೆಯಿಂದ ದಪ್ಪನೆ ಸದ್ದು, ಹಿಂದೆಯೇ ಮಗುವಿನ ಅಳು. ತಾಯಿ ಓಡಿದರು. ಅವರ ಹಿಂದೆ ಅತ್ತೆಯ ದನಿ: "ಮಗೀನ್ ಮೇಲೆ ಒಂದ್ ಕಣ್ಣಿಡಾಕಾಗ್ಲಿಲ್ವಾ ನಿಂಗೆ?" "ಕೆಚ್ಚಲು ತೊಳೀತಿದ್ದೆ ಅತ್ತೆ." ಅಷ್ಟರಲ್ಲಿ ಗಂಡ ಬಂದರು, ಅವರೂ ಹೆಂಡತಿಯನ್ನೇ ಕೇಳಿದರು. ಮಗು ಕೈಯಿಂದ ಕೈಗೆ ಹೋಗುತ್ತಿತ್ತು. ಎಷ್ಟೆತ್ತರದಿಂದ ಬಿತ್ತು, ತಲೆಯ ಯಾವ ಭಾಗ ನೆಲಕ್ಕೆ ತಾಗಿತು ಎಂದು ಯಾರೂ ನೋಡಲಿಲ್ಲ. ನಾನು ಕೇಳಿದಾಗ ತಾಯಿ "ಏನಿಲ್ಲ ಸಾರ್, ಕುಂತಿದ್ದೋಳು ಹಂಗೇ ವಾಲ್ದಳು" ಎಂದರು. ಮಗುವಿನ ತಲೆಯ ಹಿಂಭಾಗದಲ್ಲಿ ಬುಗುಟು ಏಳುತ್ತಿತ್ತು. ಜಗಲಿಯ ಮೇಲಿನ ಕಟ್ಟೆ ಹತ್ತಿ ಅಲ್ಲಿಂದ ಬಿದ್ದಿದ್ದಳೆಂದು ಅವರು ಹೇಳಿದ್ದು ಆರೋಗ್ಯ ಕೇಂದ್ರದಲ್ಲಿ, ಅತ್ತೆ ಹೊರಗೆ ಹೋದ ಮೇಲೆ. ವೈದ್ಯರು ಕೆಲವು ಗಂಟೆ ಅಲ್ಲೇ ಇರಿಸಿಕೊಂಡು ನೋಡಿ ಕಳಿಸಿದರು. ಮಗು ಚೆನ್ನಾಗಿದೆ.

ಆ ತಾಯಿ ಸುಳ್ಳು ಹೇಳಿದ್ದು ಬೈಗುಳದ ಭಯಕ್ಕೆ. ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಆಗುತ್ತದೆ. ಹಸು ಜಾರಿ ಬಿದ್ದರೆ ಯಾರೂ ಮುಚ್ಚಿಡುವುದಿಲ್ಲ. "ಆರು ಗಂಟೆಗೆ ಬಿತ್ತು, ಆಮೇಲೆ ಮೆಲುಕು ಹಾಕಿಲ್ಲ, ಹಿಂದಿನ ಬಲಗಾಲು ಊರುತ್ತಿಲ್ಲ" ಎಂದು ಅಚ್ಚುಕಟ್ಟಾಗಿ ಫೋನಿನಲ್ಲಿ ಹೇಳುತ್ತೀರಿ. ಆ ವಿವರದಿಂದಲೇ ನನ್ನ ಅರ್ಧ ಕೆಲಸ ಮುಗಿಯುತ್ತದೆ. ಮಗುವಿನ ವೈದ್ಯರಿಗೂ ಅದೇ ವಿವರ ಬೇಕು.

ತಾಯಿಯ ಮಾತೂ ಒಂದು ಪರೀಕ್ಷೆ

2009ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅಮೆರಿಕದ 25 ಆಸ್ಪತ್ರೆಗಳಿಗೆ ತಲೆಗೆ ಪೆಟ್ಟಾಗಿ ಬಂದ, ಎಚ್ಚರವಿದ್ದ 42,412 ಮಕ್ಕಳನ್ನು ಅದರಲ್ಲಿ ಗಮನಿಸಲಾಯಿತು. ಮಿದುಳಿಗೆ ಗಂಭೀರ ಪೆಟ್ಟು ಕಂಡುಬಂದದ್ದು 376 ಮಕ್ಕಳಲ್ಲಿ, ಅಂದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಗಾಬರಿಯಾದ ತಂದೆತಾಯಿಗೆ ಇದು ಧೈರ್ಯದ ಮಾತು.

ಆ ಒಂದು ಮಗುವನ್ನು ಗುರುತಿಸುವುದು ಹೇಗೆ? ಬಂದ ಮಕ್ಕಳಿಗೆಲ್ಲ ಸಿ.ಟಿ. ಸ್ಕ್ಯಾನ್ ಮಾಡುವುದು ಒಳ್ಳೆಯದಲ್ಲ, ಅದರ ವಿಕಿರಣ ಬೆಳೆಯುವ ಮಿದುಳಿಗೆ ಹಿತವಲ್ಲ. ಅದಕ್ಕೇ ಆ ಅಧ್ಯಯನ ಕೆಲವು ಗುರುತುಗಳನ್ನು ಪಟ್ಟಿ ಮಾಡಿತು. ಎರಡು ವರ್ಷದೊಳಗಿನ ಮಕ್ಕಳ ಪಟ್ಟಿಯಲ್ಲಿ "ಮಗು ಎಂದಿನಂತಿಲ್ಲ ಎಂದು ತಂದೆತಾಯಿ ಹೇಳುವುದು" ಕೂಡ ಒಂದು ಗುರುತು. ಮಗು ಎಂದಿನಂತಿದೆಯೋ ಇಲ್ಲವೋ ಎಂದು ದಿನವಿಡೀ ಅದನ್ನು ನೋಡಿಕೊಳ್ಳುವವರಿಗೆ ಮಾತ್ರ ಗೊತ್ತು. ಅವರನ್ನು ಬೈದು ಬಾಯಿ ಮುಚ್ಚಿಸಿದರೆ ವೈದ್ಯರಿಗೆ ಬೇಕಾದ ಒಂದು ಮುಖ್ಯ ಮಾಹಿತಿ ಮನೆಯಲ್ಲೇ ಉಳಿದುಬಿಡುತ್ತದೆ.

ಬಿದ್ದ ಕೂಡಲೇ

• ಎತ್ತರದಿಂದ ಬಿದ್ದು ಪ್ರಜ್ಞೆ ಇಲ್ಲದಿದ್ದರೆ ಮಗುವನ್ನು ಎತ್ತಿ ಅಲುಗಾಡಿಸಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. ಉಸಿರಾಟ ನೋಡಿ, 108ಕ್ಕೆ ಕರೆ ಮಾಡಿ. ವಾಂತಿ ಬಂದರೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಪಕ್ಕಕ್ಕೆ ಹೊರಳಿಸಿ.
• ಎಚ್ಚರವಿದ್ದು ಅಳುತ್ತಿದ್ದರೆ ಒಬ್ಬರೇ ಎತ್ತಿಕೊಂಡು ಸಮಾಧಾನ ಮಾಡಿ. ತಲೆಯಿಂದ ಕಾಲಿನವರೆಗೆ ಮುಟ್ಟಿ ನೋಡಿ, ಕೈಕಾಲು ಆಡಿಸುತ್ತಿದೆಯೇ ಗಮನಿಸಿ.
• ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬುರುಡೆ ತಗ್ಗಾದಂತಿದ್ದರೆ ಆ ಜಾಗ ಒತ್ತಬೇಡಿ. ಕಾಫಿಪುಡಿ, ಸುಣ್ಣ ಮೆತ್ತಬೇಡಿ.
• ಬುಗುಟನ್ನು ತಿಕ್ಕಬೇಡಿ. ತಣ್ಣೀರಿನ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಐಸ್ ಸ್ವಲ್ಪ ಹೊತ್ತು ಇಡಿ.
• ಪಶುವೈದ್ಯನಾಗಿ ಒಂದು ಮಾತು: ಹಸುವಿನ ಗಾಯಕ್ಕೆಂದು ಕೊಟ್ಟ ಸ್ಪ್ರೇ, ಮುಲಾಮು, ನೋವಿನ ಔಷಧಿ ಯಾವುದನ್ನೂ ಮಗುವಿಗೆ ಬಳಸಬೇಡಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

• ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬಂದರೆ.
• ಮತ್ತೆ ಮತ್ತೆ ವಾಂತಿಯಾದರೆ.
• ಮಂಕಾಗಿದ್ದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ಏನು ಮಾಡಿದರೂ ಅಳು ನಿಲ್ಲದಿದ್ದರೆ.
• ಕಿವಿ ಅಥವಾ ಮೂಗಿನಿಂದ ರಕ್ತವೋ ತಿಳಿನೀರೋ ಬಂದರೆ.
• ಕಿವಿಯ ಹಿಂದೆ, ಕಣ್ಣಿನ ಸುತ್ತ ಕಪ್ಪುಗಟ್ಟಿದರೆ. ಎರಡು ಕಣ್ಣಪಾಪೆ ಒಂದೇ ಅಳತೆ ಇಲ್ಲದಿದ್ದರೆ.
• ಒಂದು ಕೈ ಅಥವಾ ಕಾಲು ಆಡಿಸದಿದ್ದರೆ.
• ಎರಡು ವರ್ಷದೊಳಗಿನ ಮಗುವಿನ ತಲೆಯ ಪಕ್ಕ ಅಥವಾ ಹಿಂಭಾಗದಲ್ಲಿ ಬುಗುಟು ಎದ್ದರೆ, ಅಥವಾ ಮಗು ಮೂರು ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ.
• ಒಂದು ವರ್ಷ ತುಂಬದ ಮಗು ತಲೆಗೆ ಪೆಟ್ಟು ಮಾಡಿಕೊಂಡರೆ, ನೋಡಲು ಚೆನ್ನಾಗಿದ್ದರೂ ವೈದ್ಯರಿಗೆ ತೋರಿಸಿ.
• ಇದಾವುದೂ ಇಲ್ಲದೆ "ಯಾಕೋ ಮಗು ಎಂದಿನಂತಿಲ್ಲ" ಎಂದು ತಾಯಿಗೆ ಅನ್ನಿಸಿದರೆ, ಅಷ್ಟೇ ಸಾಕು, ಹೊರಡಿ.

108 ಆಂಬುಲೆನ್ಸ್ ಉಚಿತ. ಗಂಭೀರ ಲಕ್ಷಣಗಳಿದ್ದಾಗ ಮಗುವನ್ನು ಬೈಕಿನ ಮೇಲೆ ಕೂರಿಸಿಕೊಂಡು ನೇರ ಬೆಂಗಳೂರಿಗೆ ಹೊರಡುವುದು ಸರಿಯಲ್ಲ. ಮೊದಲು ಹತ್ತಿರದ ವೈದ್ಯರು, ನಮ್ಮವರಿಗೆ ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆ. ಮಿದುಳಿನ ಚಿಕಿತ್ಸೆ ಬೇಕಾದರೆ ಅವರೇ ನಿಮ್ಹಾನ್ಸ್‌ಗೋ ಮಕ್ಕಳ ಆಸ್ಪತ್ರೆಗೋ ಬರೆದು ಕಳಿಸುತ್ತಾರೆ. ನಿಮ್ಹಾನ್ಸ್‌ನಲ್ಲಿ ತುರ್ತು ಚಿಕಿತ್ಸೆ ದಿನದ 24 ಗಂಟೆಯೂ ಇದೆ. ಆಧಾರ್, ರೇಷನ್ ಕಾರ್ಡ್, ಯಶಸ್ವಿನಿ ಕಾರ್ಡ್ ಒಂದೇ ಕವರಿನಲ್ಲಿ ಇಟ್ಟಿರಿ. ಆದರೆ ಕಾರ್ಡ್ ಹುಡುಕಲು ಹೊತ್ತು ಕಳೆಯಬೇಡಿ.

ಹೊರಡುವಾಗ ಚೀಟಿಯಲ್ಲೋ ಹಾಲಿನ ಪಾಸ್‌ಬುಕ್ಕಿನ ಹಿಂಬದಿಯಲ್ಲೋ ಇಷ್ಟು ಬರೆದುಕೊಳ್ಳಿ: ಬಿದ್ದದ್ದು ಎಷ್ಟು ಗಂಟೆಗೆ, ಎಷ್ಟೆತ್ತರದಿಂದ, ಮಣ್ಣಿನ ಮೇಲೋ ಸಿಮೆಂಟಿನ ಮೇಲೋ, ತಲೆಯ ಯಾವ ಭಾಗ ತಾಗಿತು, ಕೂಡಲೇ ಅತ್ತಿತೇ, ಎಷ್ಟು ಸಲ ವಾಂತಿಯಾಯಿತು.

ಮನೆಯಲ್ಲೇ ಇದ್ದರೆ

ಮೇಲಿನ ಲಕ್ಷಣಗಳಿಲ್ಲದೆ ಮಗು ಆಡುತ್ತಿದ್ದರೆ ಮೊದಲ ನಾಲ್ಕರಿಂದ ಆರು ಗಂಟೆ ಹತ್ತಿರದ ನಿಗಾ ಬೇಕು, ಆಮೇಲೂ ಎರಡು ದಿನ ಗಮನವಿರಲಿ. "ಬಿದ್ದ ಮಗು ಮಲಗಬಾರದು" ಎಂದು ಹೊಡೆದು ಎಬ್ಬಿಸಿ ಕೂರಿಸುವವರಿದ್ದಾರೆ, ಅದು ಬೇಡ. ಮಲಗುವ ಹೊತ್ತಾಗಿದ್ದರೆ ಮಲಗಲಿ. ನಡುನಡುವೆ ಉಸಿರು, ಮೈಬಣ್ಣ ನೋಡಿ, ಮುಟ್ಟಿದರೆ ಹೊರಳುತ್ತದೆಯೇ ಗಮನಿಸಿ. ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸಿದರೆ, ಎಬ್ಬಿಸಲು ಕಷ್ಟವಾದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಜ್ಜಿ ದೃಷ್ಟಿ ತೆಗೆಯುವುದಾದರೆ ತೆಗೆಯಲಿ, ಆದರೆ ಅದಕ್ಕಾಗಿ ಆಸ್ಪತ್ರೆಗೆ ಹೋಗುವುದು ತಡವಾಗಬಾರದು.

ಹೆದರಿದ ತಾಯಿಗೂ ಆರೈಕೆ ಬೇಕು

ಮಗು ಒಂದೆರಡು ದಿನ ಸೆರಗು ಬಿಡದಿರಬಹುದು, ರಾತ್ರಿ ಎದ್ದು ಅಳಬಹುದು. ಎಂದಿನ ಊಟ, ಆಟ, ನಿದ್ದೆ ಮರಳಿದಂತೆ ಅದು ಸರಿಹೋಗುತ್ತದೆ. ತಾಯಿಯ ಮನಸ್ಸು ಅಷ್ಟು ಬೇಗ ಸರಿಹೋಗದು. ಬಿದ್ದ ಸದ್ದು ಕಿವಿಯಲ್ಲೇ ಇರುತ್ತದೆ, ಕೆಚ್ಚಲು ಮುಟ್ಟಿದಾಗಲೆಲ್ಲ ಕಣ್ಣು ಜಗಲಿ ಕಡೆ ಹೋಗುತ್ತದೆ. ಆಗ ಮನೆಯವರು ಆಡಬೇಕಾದ ಮಾತು ಇಷ್ಟೇ: "ನೀನು ಹಾಲು ಕರೀತಿದ್ದೆ, ಮಗು ನೋಡೋಕೆ ನಾವೂ ಇರಬೇಕಿತ್ತು." ಡೇರಿಯ ಬಟವಾಡೆ ಇಡೀ ಮನೆಗೆ ಬರುತ್ತದೆ ಎಂದ ಮೇಲೆ ಹಾಲು ಕರೆಯುವ ಹೊತ್ತಿನಲ್ಲಿ ಮಗುವಿನ ಜವಾಬ್ದಾರಿಯೂ ಇಡೀ ಮನೆಯದೇ.

ವಾರಗಳಾದರೂ ನಿದ್ದೆ ಬಾರದಿದ್ದರೆ, ಮಗುವನ್ನು ಕೆಳಗಿಳಿಸಲೂ ಭಯವಾದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಈ ಸೇವೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಹಾಲು ಕರೆಯುವ ಹೊತ್ತಿಗೆ ಏರ್ಪಾಡು

• ಬೆಳಿಗ್ಗೆ ಮತ್ತು ಸಂಜೆ ಮಗುವಿನ ಪಾಳಿ ಯಾರದೆಂದು ಹೆಸರು ಹಿಡಿದು ನಿಗದಿ ಮಾಡಿ. "ಎಲ್ಲರೂ ನೋಡ್ಕೋತಾರೆ" ಎಂದರೆ ಯಾರೂ ನೋಡುವುದಿಲ್ಲ.
• ತಾರಸಿ ಮೆಟ್ಟಿಲಿಗೆ ಕೆಳಗೆ, ಮೇಲೆ ಎರಡೂ ಕಡೆ ಅಡ್ಡಗೇಟು ಹಾಕಿ. ಕಟ್ಟಿಗೆಯದ್ದಾದರೂ ಸಾಕು.
• ಮಂಚದ ಬದಲು ನೆಲದ ಹಾಸಿಗೆಯಲ್ಲಿ ಮಲಗಿಸಿ. ಜಗಲಿ ಕಟ್ಟೆಯ ಪಕ್ಕ ಹತ್ತಲು ಅನುವಾಗುವ ಸ್ಟೂಲು, ಹಾಲಿನ ಕ್ಯಾನು ಇಡಬೇಡಿ.
• ಚಕ್ರದ ವಾಕರ್ ಕೊಳ್ಳಬೇಡಿ. ಮಕ್ಕಳು ಅದರ ಸಮೇತ ಮೆಟ್ಟಿಲಿನಿಂದ ಉರುಳುತ್ತಾರೆಂದು ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ.
• ಕೊಟ್ಟಿಗೆ ನೆಲದಲ್ಲಿ ಸಗಣಿ, ಗಂಜಲ ನಿಲ್ಲದಂತೆ ತೊಳೆಯಿರಿ. ಹಸುವೂ ಜಾರುವುದಿಲ್ಲ, ಮಗುವೂ ಜಾರುವುದಿಲ್ಲ.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಮೇವು, ದರದ ಮಾತಿನ ಜೊತೆಗೆ ಈ ಪಾಳಿಯ ಮಾತೂ ಬರಲಿ. ತುರ್ತು ಲಕ್ಷಣಗಳ ಪಟ್ಟಿಯನ್ನು ಕತ್ತರಿಸಿ ಡೇರಿಯ ಗೋಡೆಗೆ ಅಂಟಿಸಿ, ಹಾಲು ಹಾಕಲು ಬಂದವರೆಲ್ಲ ಓದಲಿ.

ಪಶುವೈದ್ಯಾಧಿಕಾರಿ, ದೊಡ್ಡಬೆಳವಂಗಲ