ಎರಡೂವರೆ ಡಿಗ್ರಿಯ ಹುಡುಕಾಟ

ಮೊಬೈಲ್ ಟವರ್ ಮೇಲೆ ಸಾಮಾನ್ಯವಾಗಿ ಎರಡು ಬಗೆಯ ಆಂಟೆನಾ ಕಾಣುತ್ತವೆ. ಉದ್ದನೆಯ ಹಲಗೆಯಂಥವು ನಮ್ಮ ಫೋನುಗಳಿಗೆ. ಪಕ್ಕದ ಬಿಳಿ ಡ್ರಮ್ಮಿಗೆ ನಮ್ಮ ಗೊಡವೆಯಿಲ್ಲ. ಅದು ದೂರದ ಇನ್ನೊಂದು ಡ್ರಮ್ಮಿನ ಜೊತೆ ಮಾತ್ರ ಮಾತಾಡುತ್ತದೆ. ನೆಲದಡಿಯ ಫೈಬರ್ ಹೋಗದ ಕಡೆ ಕರೆ, ವೀಡಿಯೊ ಎಲ್ಲ ಸಾಗುವುದು ಈ ಮೈಕ್ರೋವೇವ್ ಲಿಂಕ್ ಮೇಲೇ.

ಹೊಳೆನರಸೀಪುರದಿಂದ ಹಾಸನಕ್ಕೆ ಇಂಥದೊಂದು ಲಿಂಕ್ ಕಟ್ಟಬೇಕೆನ್ನಿ. ನೇರ ಗೆರೆಯಲ್ಲಿ ಹೆಚ್ಚುಕಡಿಮೆ 30 ಕಿ.ಮೀ., ವಾಯವ್ಯ ದಿಕ್ಕು. 7 ಗಿಗಾಹರ್ಟ್ಸ್ ತರಂಗ, 1.2 ಮೀಟರ್ ಅಗಲದ ಡಿಷ್. ಅದರ ಕಿರಣದ ಅಗಲ ಸುಮಾರು ಎರಡೂವರೆ ಡಿಗ್ರಿ. ಹಾಸನ ತಲುಪುವ ಹೊತ್ತಿಗೆ ಅದು 1.3 ಕಿ.ಮೀ. ಹರಡಿರುತ್ತದೆ. ಅಷ್ಟು ದೊಡ್ಡ ಗುರಿ ತಪ್ಪುವುದುಂಟೇ ಅನ್ನಿಸಬಹುದು. ಆದರೆ ಆ ಹರವಿನ ಅಂಚಿನಲ್ಲಿ ಸಿಗುವುದು ನಡುವಿನ ಅರ್ಧ ಶಕ್ತಿಯಷ್ಟೇ. ಎರಡೂ ತುದಿಯವರು ಅಂಚಿನಲ್ಲೇ ನಿಂತರೆ ಕಾಲು ಭಾಗ. ಬಿಸಿಲಲ್ಲಿ ಹೇಗೋ ನಡೆಯುತ್ತದೆ. ಹವೆ ಕೆಟ್ಟ ದಿನ ಲಿಂಕ್ ಕಡಿದುಹೋಗುತ್ತದೆ.

ದಿಕ್ಸೂಚಿ ಹಿಡಿದು ಟವರ್ ಹತ್ತಿದರೆ ಪ್ರಯೋಜನ ಕಡಿಮೆ. ಸುತ್ತಲಿನ ಕಬ್ಬಿಣವೇ ಮುಳ್ಳನ್ನು ಎಳೆಯುತ್ತದೆ. ಎರಡೂ ಕಡೆಯ ಜಿಪಿಎಸ್ ಸ್ಥಾನದಿಂದ ದಿಕ್ಕು ಲೆಕ್ಕ ಹಾಕಿ, ನಕ್ಷೆಯಲ್ಲಿ ಆ ಗೆರೆಯ ಮೇಲೆ ಬೀಳುವ ಗುಡ್ಡವನ್ನೋ ನೀರಿನ ಟ್ಯಾಂಕನ್ನೋ ಗುರುತಿಟ್ಟುಕೊಂಡು ಅತ್ತ ತಿರುಗಿಸುವುದು ವಾಸಿ. ಮೇಲೆ-ಕೆಳಗಿನ ಓರೆಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡು ತುದಿಗಳ ಎತ್ತರದಲ್ಲಿ 100 ಮೀಟರ್ ವ್ಯತ್ಯಾಸವಿದ್ದರೂ 30 ಕಿ.ಮೀ.ಗೆ ಅದು ಡಿಗ್ರಿಯ ಐದನೇ ಒಂದು ಭಾಗ. ರಸಮಟ್ಟ ಇಟ್ಟು ಡಿಷ್ಷನ್ನು ನೇರ ನಿಲ್ಲಿಸಿದರೆ ಶುರುವಿಗೆ ಸಾಕು.

ಆಮೇಲೆ ಒಂದು ತುದಿಯವರು ಸುಮ್ಮನಿರಬೇಕು, ಇನ್ನೊಂದು ತುದಿಯವರು ಬೋಲ್ಟ್ ತಿರುಗಿಸಬೇಕು. ಇಬ್ಬರೂ ಒಟ್ಟಿಗೆ ತಿರುಗಿಸಿದರೆ ಏರಿದ್ದು ಯಾರಿಂದ, ಇಳಿದದ್ದು ಯಾರಿಂದ ಎಂದು ಯಾರಿಗೂ ತಿಳಿಯದು. ಮೀಟರಿನ ಅಂಕಿ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಇಳಿದದ್ದು ನೋಡಿದ ಮೇಲೇ ತುದಿ ಎಲ್ಲಿತ್ತೆಂದು ಗೊತ್ತಾಗುವುದು.

ಮೋಸವಿರುವುದು ಇಲ್ಲೇ. ಟಾರ್ಚಿನ ಬೆಳಕಿನ ನಡುವಿನ ಉಜ್ವಲ ಚುಕ್ಕೆಯ ಸುತ್ತ ಮಂಕಾದ ಬಳೆಗಳಿರುತ್ತವಲ್ಲ, ಡಿಷ್ಷಿನ ಮುಖ್ಯ ಕಿರಣದ ಪಕ್ಕದಲ್ಲೂ ಹಾಗೆ ಸಣ್ಣ ಕಿರಣಗಳಿವೆ. ಅದರಲ್ಲೊಂದು ಸಿಕ್ಕಿದರೂ ಅಂಕಿ ಏರಿ ಇಳಿಯುತ್ತದೆ, ಥೇಟ್ ನಿಜವಾದ ಶಿಖರದಂತೆ. ಶಕ್ತಿ ಮಾತ್ರ ಸುಮಾರು ನೂರನೇ ಒಂದು ಭಾಗ. ಎರಡೂ ತುದಿ ಹೀಗೆ ಸಿಕ್ಕಿಕೊಂಡರೆ ಹತ್ತು ಸಾವಿರದಲ್ಲಿ ಒಂದು ಭಾಗ. ಆದ್ದರಿಂದ ಮೊದಲೇ ಕಾಗದದ ಮೇಲೆ ಎಷ್ಟು ಸಿಗಬೇಕೆಂದು ಲೆಕ್ಕ ಮಾಡಿಟ್ಟುಕೊಂಡಿರಬೇಕು. ಅಷ್ಟು ಬರಲಿಲ್ಲವೋ, ಸಿಕ್ಕಿದ ತುದಿಯನ್ನು ನಂಬದೆ ಡಿಷ್ಷನ್ನು ಆಚೀಚೆ ಇನ್ನಷ್ಟು ಅಗಲಕ್ಕೆ ತಿರುಗಿಸಿ ಹುಡುಕಬೇಕು. ಕೊನೆಗೆ ನಟ್ ಬಿಗಿ ಮಾಡುವಾಗಲೂ ಕಣ್ಣು ಮೀಟರಿನ ಮೇಲಿರಲಿ. ಬಿಗಿಯುವ ಎಳೆತಕ್ಕೇ ಡಿಷ್ ಜರುಗುತ್ತದೆ.

ದಿಕ್ಕು ಸರಿಯಿದ್ದರೆ ಸಾಲದು, ದಾರಿಯೂ ತೆರವಾಗಿರಬೇಕು. ಭೂಮಿ ಗುಂಡಗಿರುವುದರಿಂದ 30 ಕಿ.ಮೀ. ನಡುವೆ ನೆಲ ಸುಮಾರು 18 ಮೀಟರ್ ಉಬ್ಬಿ ನಿಲ್ಲುತ್ತದೆ. ತರಂಗಕ್ಕೆ ಅದರ ಮೇಲೆ ಇನ್ನೂ 11 ಮೀಟರಿನಷ್ಟು ಖಾಲಿ ಜಾಗ ಬೇಕು; ಗೆರೆಗೆ ಏನೂ ತಾಗದಿದ್ದರೂ ಹತ್ತಿರ ಸುಳಿದದ್ದು ಸಾಕು, ಶಕ್ತಿ ಕುಗ್ಗುತ್ತದೆ. ಇದಕ್ಕೆ ತೆಂಗಿನ ತೋಟದ 20 ಮೀಟರ್ ಸೇರಿಸಿ. ಚನ್ನರಾಯಪಟ್ಟಣದ ಕಡೆಯ ತೋಟಗಳನ್ನು ನೋಡಿದವರಿಗೆ ಟವರ್‌ಗಳಿಗೆ ಅಷ್ಟು ಎತ್ತರ ಏಕೆಂದು ಬೇರೆ ಹೇಳಬೇಕಿಲ್ಲ. ಗೊರೂರು ಹಿನ್ನೀರಿನಂಥ ನೀರಿನ ಹರವು ನಡುವೆ ಬಂದರೆ ಅದು ಬೇರೆಯದೇ ತಲೆನೋವು: ನೀರಿನ ಮೇಲೆ ಪುಟಿದ ತರಂಗ ನೇರ ಬಂದ ತರಂಗವನ್ನೇ ಅಳಿಸಿಹಾಕಬಲ್ಲದು.

ಇದೇ ಜಿಲ್ಲೆಯಲ್ಲಿ ಇನ್ನೂ ದೂರದ ಲಿಂಕ್‌ಗಳೂ ಇವೆ, 36,000 ಕಿ.ಮೀ. ಉದ್ದದವು. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಶುರುವಾದದ್ದು 1982ರಲ್ಲಿ, ಇನ್‌ಸ್ಯಾಟ್ ಉಪಗ್ರಹಗಳಿಗಾಗಿ. ಆ ಏಪ್ರಿಲ್‌ನಲ್ಲಿ ಹಾರಿದ ಇನ್‌ಸ್ಯಾಟ್-1ಎ, ತನ್ನ ಭಂಗಿ ಸರಿಪಡಿಸಿಕೊಳ್ಳುವ ಇಂಧನ ಮುಗಿದು ಸೆಪ್ಟೆಂಬರ್‌ಗೆಲ್ಲ ಕೈಬಿಟ್ಟುಹೋಯಿತು. 1983ರ ಇನ್‌ಸ್ಯಾಟ್-1ಬಿ ಕೈಹಿಡಿಯಿತು.

ಅಲ್ಲಿಯ ದೊಡ್ಡ ಡಿಷ್‌ಗಳ ಕಿರಣ ಅರ್ಧ ಡಿಗ್ರಿಗೂ ಕಿರಿದು. ಉಪಗ್ರಹ ಅಲುಗಾಡದೆ ನಿಂತಿದೆ ಎನ್ನುವುದು ಮಾತಿಗಷ್ಟೇ. ಡಿಗ್ರಿಯ ಹತ್ತನೇ ಒಂದು ಭಾಗ ಸರಿದರೂ ಆಕಾಶದಲ್ಲಿ ಅದು 70 ಕಿ.ಮೀ.ಗೂ ಹೆಚ್ಚು. ಹಾಗಾಗಿ ಡಿಷ್ ತಾನೇ ಚೂರು ತಿರುಗಿ, ಸಿಗ್ನಲ್ ಏರಿತೋ ಇಳಿಯಿತೋ ನೋಡಿ, ಏರಿದತ್ತ ಮತ್ತೆ ಚೂರು ತಿರುಗುವ ಏರ್ಪಾಡಿದೆ. ಟವರ್ ಮೇಲಿನವರು ಸ್ಪ್ಯಾನರ್ ಹಿಡಿದು ಮಾಡುವುದನ್ನೇ ಇಲ್ಲಿ ಮೋಟಾರ್ ಮಾಡುತ್ತದೆ, ಹಗಲೂ ರಾತ್ರಿ.

ನಿಮ್ಮ ತಾರಸಿಯ ಟಿವಿ ಡಿಷ್‌ಗೆ ಮೋಟಾರೂ ಇಲ್ಲ, ಅದರ ಅಗತ್ಯವೂ ಇಲ್ಲ. 60 ಸೆಂಟಿಮೀಟರಿನ ಡಿಷ್ಷಿನ ಕಿರಣ ಮೂರು ಡಿಗ್ರಿ ಅಗಲ. ಆದರೂ ಸೂರ್ಯಚಂದ್ರರ ಸೆಳೆತಕ್ಕೆ ಉಪಗ್ರಹದ ಕಕ್ಷೆ ವರ್ಷಕ್ಕೆ ಮುಕ್ಕಾಲು ಡಿಗ್ರಿಗೂ ಹೆಚ್ಚು ವಾಲುತ್ತದೆ. ನೆಲದಿಂದ ಆದೇಶ ಹೋಗಿ ಆಗಾಗ ಇಂಧನ ಸುಡದಿದ್ದರೆ, ಎರಡು-ಮೂರು ವರ್ಷದಲ್ಲಿ ಮನೆಯ ಟಿವಿಯ ಚಿತ್ರ ದಿನಕ್ಕೆರಡು ಸಲ ಮಾಯವಾಗತೊಡಗುತ್ತದೆ. ಮುದಿಯಾದ ಉಪಗ್ರಹಗಳಲ್ಲಿ ಇಂಧನ ಉಳಿಸಲು ಈ ವಾಲುವಿಕೆಯನ್ನು ಎಷ್ಟೋ ಸಲ ಬೇಕೆಂದೇ ಬಿಟ್ಟುಬಿಡುತ್ತಾರೆ; ಆಮೇಲೆ ಅವು ತಿರುಗಬಲ್ಲ ಡಿಷ್ ಇರುವವರಿಗೆ ಮಾತ್ರ ಉಪಯೋಗ.